ಮೂರು ಚಕ್ರ, ಆದರೂ ಪಲ್ಟಿ

ಮೂರು ಕಾಲಿನ ಸ್ಟೂಲನ್ನು ಎಂಥ ಅಂಕುಡೊಂಕು ನೆಲದ ಮೇಲಿಟ್ಟರೂ ಅದು ಅಲುಗಾಡುವುದಿಲ್ಲ. ಆಟೊ, ಗೂಡ್ಸ್ ಆಟೊ, ಉತ್ತರ ಕರ್ನಾಟಕದ ಟಂಟಂ, ಅಪರೂಪಕ್ಕೆ ಕಾಣುವ ಸೈಡ್‌ಕಾರ್ ಬೈಕು, ಇವುಗಳ ವಿಷಯದಲ್ಲಿ ನಮ್ಮ ಜನಕ್ಕಿರುವ ಧೈರ್ಯದ ಮೂಲ ಬಹುಶಃ ಇದೇ. ‘ಬೈಕಾದ್ರೆ ಬ್ಯಾಲೆನ್ಸ್ ಮಾಡ್ಬೇಕು, ಇದಕ್ಕೇನು, ತಾನೇ ನಿಲ್ಲುತ್ತೆ’ ಎನ್ನುತ್ತಾರೆ. ಗಾಡಿ ನಿಂತಿರುವಾಗ ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದೇ ಸ್ಟೂಲಿನ ಮೇಲೆ ಎರಡು ಕಾಲುಗಳ ನಡುವಿನ ಅಂಚಿಗೆ ಸರಿದು ಕೂತರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು.

ಆಟೊದ ಮೂರು ಚಕ್ರಗಳು ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಮುಂದೆ ಚೂಪು, ಹಿಂದೆ ಅಗಲ. ಗಾಡಿ, ಚಾಲಕ, ಪ್ರಯಾಣಿಕರು, ಸಾಮಾನು ಎಲ್ಲ ಸೇರಿದ ಭಾರದ ಕೇಂದ್ರ ಈ ತ್ರಿಕೋನದ ಒಳಗೆ ಇರುವ ತನಕ ಗಾಡಿ ನಿಲ್ಲುತ್ತದೆ. ತಿರುವಿನಲ್ಲಿ ಆ ಭಾರ ಹೊರಕ್ಕೆ ಎಳೆಯುತ್ತದೆ. ಎಳೆತ ತ್ರಿಕೋನದ ಗೆರೆ ದಾಟಿತೆಂದರೆ ಒಳಭಾಗದ ಚಕ್ರ ನೆಲ ಬಿಡುತ್ತದೆ. ಕಾರಿನದು ಆಯತ, ಹಾಗಾಗಿ ಭಾರ ಮುಂದಿರಲಿ ಹಿಂದಿರಲಿ ಅಗಲ ಅಷ್ಟೇ ಸಿಗುತ್ತದೆ. ಆಟೊದಲ್ಲಿ ಹಾಗಲ್ಲ. ಹಿಂಚಕ್ರಗಳ ನಡುವೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲವಿದ್ದರೂ, ಭಾರದ ಕೇಂದ್ರ ಗಾಡಿಯ ನಟ್ಟನಡುವೆ ಬಂದರೆ ಅಲ್ಲಿ ತ್ರಿಕೋನದ ಅಗಲ ಅದರ ಅರ್ಧ ಮಾತ್ರ. ಎಷ್ಟು ಕಿಲೋ ಹೇರಿದ್ದೀರಿ ಎಂಬುದಕ್ಕಿಂತ ಎಲ್ಲಿ ಹೇರಿದ್ದೀರಿ ಎಂದು ಕೇಳಬೇಕಾದ್ದು ಇದಕ್ಕೇ. ಮೂರು ಚಕ್ರದ ಬಗೆಗಿನ ಹೆಚ್ಚಿನ ತಪ್ಪು ತಿಳಿವಳಿಕೆಗಳೆಲ್ಲ ಈ ಒಂದು ಸಂಗತಿಯನ್ನು ಮರೆತದ್ದರಿಂದ ಹುಟ್ಟಿದವು.

‘ಹಿಂದೆ ಜಾಗ ಇಲ್ಲ, ಡ್ರೈವರ್ ಪಕ್ಕ ಕೂತ್ಕೊಳ್ಳಿ’

ಹಿಂದೆ ಇಕ್ಕಟ್ಟಾಯಿತೆಂದು ಒಬ್ಬರನ್ನು ಮುಂದಕ್ಕೆ ಕರೆದರೆ ಭಾರ ಹಂಚಿಹೋಗುತ್ತದೆ, ಗಾಡಿಗೆ ಹಿತ ಎಂಬ ನಂಬಿಕೆ ಇದೆ. ಸತ್ಯ ಇದಕ್ಕೆ ಪೂರ್ತಿ ತಿರುಗುಮುರುಗು. ಮುಂದೆ ಕೂತ ಪ್ರತಿಯೊಬ್ಬರೂ ಭಾರದ ಕೇಂದ್ರವನ್ನು ತ್ರಿಕೋನದ ಚೂಪು ತುದಿಯತ್ತ ಎಳೆಯುತ್ತಾರೆ. ಅದರ ಮೇಲೆ ಅವರ ಮೊಣಕಾಲು ಹ್ಯಾಂಡಲ್‌ಗೆ ಅಡ್ಡ. ಎಡಕ್ಕೊಬ್ಬರು ಬಲಕ್ಕೊಬ್ಬರು ಅರ್ಧ ಸೀಟಿನಲ್ಲಿ ಅಂಟಿಕೊಂಡು ಕೂತಾಗ ಚಾಲಕ ಹ್ಯಾಂಡಲ್ ಪೂರ್ತಿ ತಿರುಗಿಸುವುದು ಹೇಗೆ? ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸಬಾರದು, ಯಾವ ವಸ್ತುವನ್ನೂ ಇಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 125ನೇ ಕಲಮು ಹೇಳುತ್ತದೆ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಊರಿಂದೂರಿಗೆ ಹೋಗುವ ಹೆಂಗಸರು ಟಂಟಂ ತುಂಬ ಕೂತು, ನಾಲ್ವರು ಹಿಂದಿನ ಕಂಬಿ ಹಿಡಿದು ನಿಂತ ದೃಶ್ಯ ಸುಗ್ಗಿಯ ಕಾಲದಲ್ಲಿ ಹೊಸದಲ್ಲ. ಬಸ್ಸು ಬಾರದ ಊರಿನಲ್ಲಿ ಅವರಿಗೆ ಬೇರೆ ದಾರಿ ಏನಿದೆ ಎಂಬ ಪ್ರಶ್ನೆಗೆ ಟ್ರಾಫಿಕ್ ಪೊಲೀಸರ ರಸೀದಿ ಪುಸ್ತಕದಲ್ಲಿ ಉತ್ತರವಿಲ್ಲ. ಆದರೂ ಮುಂದಿನ ಇಬ್ಬರನ್ನು ಕೆಳಗಿಳಿಸಿ ಎರಡನೇ ಟ್ರಿಪ್ ಮಾಡಿದರೆ ಅದೇ ತಿರುವು ಎಷ್ಟೋ ಸುಲಭವಾಗುತ್ತದೆ.

ಹಿಂದೆ ಕಂಬಿ ಹಿಡಿದು ನಿಂತವರಿಂದ ಇನ್ನೊಂದು ತೊಂದರೆ. ಅವರು ಹಿಂದಿನ ಅಚ್ಚಿಗಿಂತ ಆಚೆ ನಿಲ್ಲುವುದರಿಂದ ಮುಂಚಕ್ರ ಹಗುರಾಗುತ್ತದೆ. ನೆಲವನ್ನು ಗಟ್ಟಿಯಾಗಿ ಒತ್ತದ ಚಕ್ರ ಹ್ಯಾಂಡಲ್ ತಿರುಗಿಸಿದರೂ ಮಾತು ಕೇಳುವುದಿಲ್ಲ, ಏರಿನಲ್ಲಂತೂ ನೆಲವನ್ನೇ ಬಿಡಬಹುದು. ಗೂಡ್ಸ್ ಆಟೊದಲ್ಲಿ ಕಬ್ಬಿಣದ ಸರಳು, ಉದ್ದನೆ ಪೈಪು ಹೊರಚಾಚಿಕೊಂಡು ಹೋಗುವಾಗ ಆಗುವುದೂ ಇದೇ. ಹಾಗಾದರೆ ಭಾರ ಎಲ್ಲಿರಬೇಕು? ಹಿಂದಿನ ಅಚ್ಚಿನ ಹತ್ತಿರ, ಆದರೆ ಅದಕ್ಕಿಂತ ಸ್ವಲ್ಪ ಮುಂದೆ, ಎಡಬಲ ಸಮನಾಗಿ, ಆದಷ್ಟೂ ಕೆಳಗೆ.

‘ಕಟ್ಟಿದ್ದೀವಲ್ಲ, ಮೇಲಿಟ್ರೆ ಏನೀಗ?’

ಹಗ್ಗ ಸಾಮಾನು ಬೀಳದಂತೆ ನೋಡಿಕೊಳ್ಳುತ್ತದೆ, ಗಾಡಿ ಬೀಳದಂತಲ್ಲ. ಬಿಗಿಯಾಗಿ ಕಟ್ಟಿದ ಮೂಟೆಯೂ ಆಟೊದ ಟಾಪ್ ಮೇಲಿದ್ದರೆ ಭಾರದ ಕೇಂದ್ರವನ್ನು ಎತ್ತರಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಹಿಂಚಕ್ರಗಳ ನಡುವೆ 1.15 ಮೀಟರ್, ಭಾರದ ಕೇಂದ್ರ ಮುಂಚಕ್ರದಿಂದ ಮೂರರಲ್ಲೆರಡು ಪಾಲು ಹಿಂದೆ, ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿ ಎಂದಿಟ್ಟುಕೊಳ್ಳಿ. 10 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ ಸುಮಾರು 27 ಕಿ.ಮೀ. ವೇಗ ಮುಟ್ಟಿದರೆ ಒಳಚಕ್ರ ಏಳುತ್ತದೆ. ಟಾಪ್ ಮೇಲೆ ಹೇರಿ ಕೇಂದ್ರವನ್ನು 85 ಸೆಂಟಿಮೀಟರಿಗೆ ಏರಿಸಿದರೆ ಅದೇ ತಿರುವಿನಲ್ಲಿ ಮಿತಿ 24ಕ್ಕೆ ಇಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಒಂದು ಕಡೆಗೆ ಕುಸಿಯುವ ಸ್ಪ್ರಿಂಗು, ಗಾಳಿ ಕಡಿಮೆಯಾದ ಟೈರು, ಹೊರಕ್ಕೆ ಇಳಿಜಾರಾದ ರಸ್ತೆ ಸೇರಿದರೆ ಮಿತಿ ಇನ್ನಷ್ಟು ಕೆಳಗಿಳಿಯುತ್ತದೆ. ವೇಗ ಇಷ್ಟು ಕಡಿಮೆಯೇ ಎಂದು ಅಚ್ಚರಿಪಡುವವರು ಒಂದು ಮಾತು ಗಮನಿಸಬೇಕು: ಇದೇ ಬಗೆಯ ತಿರುವಿನಲ್ಲಿ ಕಾರು ಮಿತಿ ಮೀರಿದರೆ ಸಾಮಾನ್ಯವಾಗಿ ಮೊದಲು ಟೈರು ಜಾರುತ್ತದೆ, ಕಿರ್ರನೆ ಸದ್ದು ಮಾಡಿ ಎಚ್ಚರಿಸುತ್ತದೆ. ಆಟೊ ಜಾರುವ ಮೊದಲೇ ಎದ್ದುಬಿಡುತ್ತದೆ, ಎಚ್ಚರಿಕೆಯ ಸದ್ದೇ ಇಲ್ಲ.

ಅರ್ಧ ತುಂಬಿದ ನೀರಿನ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಹಗುರ, ಆದ್ದರಿಂದ ಸುರಕ್ಷಿತ ಎಂಬುದೂ ಇಂಥದೇ ನಂಬಿಕೆ. ಬೇಸಿಗೆಯಲ್ಲಿ ಗೂಡ್ಸ್ ಆಟೊ ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟು ನೀರು ಮಾರುವವರು ಇದು ಸುಳ್ಳೆಂದು ಅನುಭವದಿಂದಲೇ ಬಲ್ಲರು. ಗಾಡಿ ಎಡಕ್ಕೆ ತಿರುಗಿದೊಡನೆ ನೀರು ಬಲಕ್ಕೆ ಓಡಿ ಗೋಡೆಗೆ ಬಡಿಯುತ್ತದೆ, ಗಾಡಿ ವಾಲುವ ಹೊತ್ತಿಗೆ ಸರಿಯಾಗಿ ಭಾರವೂ ಅದೇ ಕಡೆ ಸೇರುತ್ತದೆ. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಹೊರಡುವುದು ಲೇಸು. ಪೂರ್ತಿ ತುಂಬಿದರೆ ಗಾಡಿಯ ಮಿತಿ ಮೀರುತ್ತದೆ ಎಂದರೆ ಟ್ಯಾಂಕೇ ದೊಡ್ಡದಾಯಿತು ಎಂದರ್ಥ.

‘ತಿರುವಿನಲ್ಲಿ ಬ್ರೇಕ್ ಹಿಡಿದ್ರೆ ಸಾಕು’

ಸಾಲದು, ಎಷ್ಟೋ ಸಲ ಅದೇ ಕೆಡಿಸುತ್ತದೆ. ತಿರುಗುವಾಗ ಭಾರ ಹೊರಕ್ಕೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಮುಂದಕ್ಕೂ ಎಳೆಯುತ್ತದೆ. ಎರಡೂ ಸೇರಿ ಓರೆಯಾಗಿ, ಮುಂಚಕ್ರ ಮತ್ತು ಹೊರಗಿನ ಹಿಂಚಕ್ರವನ್ನು ಸೇರಿಸುವ ಗೆರೆಯ ಕಡೆಗೇ ದೂಡುತ್ತವೆ. ಮುಂದೆ ಒಂದೇ ಚಕ್ರವಿರುವ ಗಾಡಿಗೆ ಅದೇ ಬಲಹೀನ ಅಂಚು. ಆದ್ದರಿಂದ ವೇಗ ಇಳಿಸುವ ಕೆಲಸವೆಲ್ಲ ಗಾಡಿ ನೇರವಾಗಿರುವಾಗಲೇ ಮುಗಿಯಬೇಕು. ತಿರುವಿನೊಳಗೆ ಒಂದೇ ಹದದಲ್ಲಿ ಆಕ್ಸಿಲರೇಟರ್ ಹಿಡಿದು ಸಾಗಬೇಕು. ಗಂಟೆಗೆ 20 ಕಿ.ಮೀ. ಇದ್ದದ್ದು 30 ಆದರೆ ಹೊರಗೆಳೆಯುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ.

ಘಾಟಿಯಲ್ಲಿ ಇದರ ಪೂರ್ತಿ ಪರೀಕ್ಷೆ. ಏರು ಕಷ್ಟ, ಇಳಿಜಾರು ಸಲೀಸು ಎನ್ನುತ್ತದೆ ನಮ್ಮ ಕಾಲು. ಗಾಡಿಯ ಲೆಕ್ಕ ಬೇರೆ. ಇಳಿಜಾರಿನಲ್ಲಿ ಭಾರ ತಾನಾಗಿಯೇ ಮುಂದಕ್ಕೆ, ಚೂಪು ತುದಿಯತ್ತ ವಾಲುತ್ತದೆ, ಬ್ರೇಕ್ ಅದನ್ನು ಇನ್ನಷ್ಟು ತಳ್ಳುತ್ತದೆ. ಆಗುಂಬೆಯಂಥ ಹೇರ್‌ಪಿನ್ ತಿರುವುಗಳಲ್ಲಿ ಲೋಡ್ ಗಾಡಿ ಹತ್ತಿಸುವುದಕ್ಕಿಂತ ಇಳಿಸುವುದೇ ಅಪಾಯ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಚಾಳಿಯೂ ಇದೆ. ಎಂಜಿನ್ನಿನ ತಡೆ ಇಲ್ಲದೆ ಎಲ್ಲ ಕೆಲಸ ಡ್ರಮ್ ಬ್ರೇಕಿನ ಮೇಲೇ ಬೀಳುತ್ತದೆ, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಹತ್ತಿಸುತ್ತೀರೋ ಅದೇ ಗೇರಿನಲ್ಲಿ ಇಳಿಸಿ ಎಂಬ ಹಳೇ ಚಾಲಕರ ಮಾತಿಗೆ ಈ ಗಾಡಿಯೂ ಹೊರತಲ್ಲ.

ಗುಂಡಿಯ ವಿಷಯ ಚಿಕ್ಕದು. ಕಾರಿನವರು ಗುಂಡಿಯನ್ನು ಎರಡು ಚಕ್ರಗಳ ನಡುವೆ ತೂರಿಸಿಕೊಂಡು ಹೋಗುತ್ತಾರೆ. ಆಟೊದ ಚಕ್ರಗಳು ರಸ್ತೆಯ ಮೇಲೆ ಎರಡಲ್ಲ, ಮೂರು ಜಾಡು ಹಾಕುತ್ತವೆ. ನಡುವೆ ತೂರಿಸಲು ಹೋದರೆ ಗುಂಡಿ ಸಿಗುವುದು ಮುಂಚಕ್ರಕ್ಕೇ. ಎಂಟಿಂಚಿನ ರಿಮ್ಮಿನ ಆ ಪುಟ್ಟ ಚಕ್ರ ಗುಂಡಿಗೆ ಇಳಿದರೆ ಹ್ಯಾಂಡಲ್ ಕೈ ತಪ್ಪುವುದು ಕಷ್ಟವೇನಲ್ಲ. ಸಿಗ್ನಲ್ ಬಳಿ ಗಾಡಿಗಳು ಸುರಿಸಿದ ಎಣ್ಣೆ ಲೇನಿನ ನಡುವೆಯೇ ಶೇಖರವಾಗುವುದರಿಂದ ಮಳೆ ಬಂದಾಗ ಅದರ ಮೇಲೆ ಹಾಯುವುದೂ ಇದೇ ಚಕ್ರ.

ಇಷ್ಟೆಲ್ಲ ಓದಿ ಮೂರು ಚಕ್ರದ ಗಾಡಿಯೆಂದರೆ ತಿರುವಿಗೊಮ್ಮೆ ಮಗುಚುವ ಗಾಡಿ ಎಂದುಕೊಂಡರೆ ಅದೂ ತಪ್ಪೇ. ಬ್ರಿಟನ್ನಿನ ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರು ‘ಟಾಪ್ ಗೇರ್’ ಟಿವಿ ಕಾರ್ಯಕ್ರಮದಲ್ಲಿ ಮತ್ತೆ ಮತ್ತೆ ಉರುಳಿ ಜಗತ್ತನ್ನೇ ನಗಿಸಿತು. ಸುಲಭವಾಗಿ ಉರುಳಲೆಂದು ಅದರ ಡಿಫರೆನ್ಷಿಯಲ್ಲಿನಲ್ಲಿ ಬೇಕೆಂದೇ ಬದಲಾವಣೆ ಮಾಡಿಸಿದ್ದೆವು ಎಂದು ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ವರ್ಷಗಳ ನಂತರ ಒಪ್ಪಿಕೊಂಡರು. ನಗು ಉಳಿಯಿತು, ತಿದ್ದುಪಡಿ ಯಾರನ್ನೂ ತಲುಪಲಿಲ್ಲ.

‘ಇಪ್ಪತ್ತು ವರ್ಷ ಬುಲೆಟ್ ಓಡ್ಸಿದೀನಿ, ಸೈಡ್‌ಕಾರ್ ಏನ್ ಮಹಾ’

ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಈ ದೇಶಕ್ಕೆ ಸೈಡ್‌ಕಾರಿನ ಹುಚ್ಚು ಹಿಡಿಸಿತು. ಹಾಡಿನ ನಡುವೆ ಸೈಡ್‌ಕಾರ್ ಕಳಚಿಕೊಂಡು ಬೇರೆ ದಾರಿ ಹಿಡಿದು, ಮತ್ತೆ ಬಂದು ಸೇರಿಕೊಳ್ಳುತ್ತದೆ. ಸಿನಿಮಾ ಸರಿ. ರಸ್ತೆಗೆ ಬಂದಾಗ ತೊಂದರೆ ಕೊಡುವುದು ಬೈಕಿನ ಅನುಭವವೇ. ವೇಗದಲ್ಲಿ ಬೈಕನ್ನು ಎಡಕ್ಕೆ ತಿರುಗಿಸಲು ನಾವು ಅರಿವಿಲ್ಲದೆ ಎಡ ಹಿಡಿಯನ್ನು ತುಸು ಮುಂದಕ್ಕೆ ತಳ್ಳುತ್ತೇವೆ, ಬೈಕು ಎಡಕ್ಕೆ ವಾಲಿ ತಿರುಗುತ್ತದೆ. ಸೈಡ್‌ಕಾರ್ ಬಿಗಿದ ಬೈಕು ವಾಲುವುದೇ ಇಲ್ಲ. ಎಡ ಹಿಡಿಯನ್ನು ತಳ್ಳಿದರೆ ಅದು ನೇರ ಬಲಕ್ಕೆ ಹೋಗುತ್ತದೆ. ಕೈಗೆ ಅಂಟಿದ ಅಭ್ಯಾಸವೇ ಎದುರಿನ ಲಾರಿಯ ದಾರಿಗೆ ಒಯ್ಯುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಇಲ್ಲದಿದ್ದರೆ, ಬ್ರೇಕ್ ಹಿಡಿದಾಗ ಬಲಕ್ಕೆ ಎಳೆಯುತ್ತದೆ. ಇದನ್ನೆಲ್ಲ ಖಾಲಿ ಮೈದಾನದಲ್ಲಿ, ಸೈಡ್‌ಕಾರಿನಲ್ಲಿ ಮರಳು ಮೂಟೆ ಇಟ್ಟುಕೊಂಡು ಕಲಿಯಬೇಕು.

ಮರಳು ಮೂಟೆ ಏಕೆಂದರೆ ಖಾಲಿ ಸೈಡ್‌ಕಾರೇ ಹೆಚ್ಚು ಅಪಾಯ. ನಮ್ಮಲ್ಲಿ ಅದು ಎಡಕ್ಕಿರುವುದರಿಂದ ಎಡ ತಿರುವಿನಲ್ಲಿ ಅದರ ಚಕ್ರ ಮೇಲೇಳುತ್ತದೆ. ಹೆದರಿದ ಸವಾರ ತಿರುವನ್ನು ಅಗಲ ಮಾಡುತ್ತಾನೆ, ಅಂದರೆ ಮತ್ತೆ ಎದುರು ಲೇನಿಗೆ. ಒಬ್ಬರೇ ಜೊತೆಗಿದ್ದರೆ ಸೈಡ್‌ಕಾರಿನಲ್ಲಿ ಕೂರಿಸಿ. ಇಬ್ಬರಿದ್ದರೆ ಮೈಭಾರ ಹೆಚ್ಚಿರುವವರು ಸೈಡ್‌ಕಾರಿಗೆ, ಹಗುರಾದವರು ಹಿಂದಿನ ಸೀಟಿಗೆ. ಹಿರಿಯರಿಗೆ ಮರ್ಯಾದೆಯ ಜಾಗ ಯಾವುದು ಎಂಬ ಚರ್ಚೆ ಮನೆಯಲ್ಲೇ ಮುಗಿಯಲಿ. ಕೂತವರ ಮೈಯ ಚಲನೆ ಎಷ್ಟು ಮುಖ್ಯ ಎಂಬುದಕ್ಕೆ ಐಲ್ ಆಫ್ ಮ್ಯಾನ್ ಟಿಟಿ ಪಂದ್ಯ ನೋಡಬೇಕು. ಅಲ್ಲಿ ಮೊದಲ ಸೈಡ್‌ಕಾರ್ ಓಟ ನಡೆದದ್ದು 1923ರಲ್ಲಿ. ಜೊತೆಗಾರ ಪ್ರತಿ ತಿರುವಿಗೂ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿ, ನೆಲಕ್ಕೆ ತಾಗುವಷ್ಟು ಹೊರಗೆ ಬಾಗಿ, ಚಕ್ರ ಏಳದಂತೆ ಒತ್ತಿ ಹಿಡಿಯುತ್ತಾನೆ. ನಮ್ಮ ಪ್ರಯಾಣಿಕರಿಂದ ಅಷ್ಟು ಬೇಡ, ಅಲುಗಾಡದೆ ಕೂತರೆ ಸಾಕು.

ಮೂರು ಚಕ್ರ ಇದ್ದ ಮೇಲೆ ಹೆಲ್ಮೆಟ್ ಯಾಕೆ ಎಂಬ ವಾದವೂ ನಿಲ್ಲುವುದಿಲ್ಲ. ಕಳಚಬಹುದಾದ ಸೈಡ್‌ಕಾರ್ ಸೇರಿಸಿದರೂ ಕಾಯ್ದೆಯ ಕಣ್ಣಿಗೆ ಅದು ಮೋಟಾರ್ ಸೈಕಲ್ಲೇ. ನಾಲ್ಕು ವರ್ಷ ದಾಟಿದ ಎಲ್ಲರಿಗೂ, ಸೈಡ್‌ಕಾರಿನಲ್ಲಿ ಕೂತವರಿಗೂ, ಹೆಲ್ಮೆಟ್ ಬೇಕು.

ಅಂಗವಿಕಲರಿಗೆಂದು ಎರಡು ಪಕ್ಕದ ಚಕ್ರ ಕೂರಿಸಿದ ಸ್ಕೂಟರಿಗೂ ಮುಂದೆ ಒಂದೇ ಚಕ್ರ, ತ್ರಿಕೋನದ ನಿಯಮ ಅದಕ್ಕೂ ಅಷ್ಟೇ. ಗ್ಯಾಸ್ ಸಿಲಿಂಡರನ್ನು ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವುದು ಎರಡು ಚಕ್ರದ ಸ್ಕೂಟರಿನಿಂದ ಬಂದ ರೂಢಿ. 14.2 ಕಿಲೋ ಅನಿಲದ ಸಿಲಿಂಡರ್ ತುಂಬಿದಾಗ ಒಟ್ಟು 30 ಕಿಲೋ ಆಸುಪಾಸು ತೂಗುತ್ತದೆ. ಅಷ್ಟು ಭಾರ ಮುಂದೆ ಬೇಡ. ಪಕ್ಕದ ಚಕ್ರಗಳ ನಡುವೆ ತಗ್ಗಿನಲ್ಲಿ ಗಟ್ಟಿ ಕ್ಯಾರಿಯರ್ ಮಾಡಿಸಿ ಅಲ್ಲಿಡುವುದು ಒಳ್ಳೆಯದು. ಪಕ್ಕದ ಚಕ್ರ ಸ್ಕೂಟರಿನ ಮೈಗಿಂತ ಹೊರಗಿರುತ್ತದೆ ಎಂಬುದನ್ನು ಫುಟ್‌ಪಾತಿನ ಅಂಚು ನೆನಪಿಸುವ ಮೊದಲು ಸವಾರರೇ ನೆನಪಿಟ್ಟುಕೊಳ್ಳಬೇಕು.

‘ಸ್ಪ್ರಿಂಗ್ ತಡ್ಕೊಳ್ಳುತ್ತೆ, ಹಾಕಿ’

ಹೆಚ್ಚುವರಿ ಪಟ್ಟಿ ಹಾಕಿಸಿ ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಗಾಡಿ ಕುಸಿಯುವುದಿಲ್ಲ, ಅಷ್ಟೇ. ಬ್ರೇಕು, ಟೈರು, ಅಚ್ಚು ಎಲ್ಲ ಹಳೆಯವೇ. ಹೊರಬಹುದಾದ ಭಾರ ಆರ್‌ಸಿಯಲ್ಲೇ ಇದೆ: ಒಟ್ಟು ಭಾರದಲ್ಲಿ ಖಾಲಿ ತೂಕ ಕಳೆಯಿರಿ. ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿಲ್ಲ, ಆದ್ದರಿಂದ ಉಳಿದದ್ದರಲ್ಲಿ ಅವನನ್ನೂ ಕಳೆಯಬೇಕು. ಆಮೇಲೆ 50 ಕಿಲೋದ ಸಿಮೆಂಟ್ ಮೂಟೆ ಎಷ್ಟು ಹಿಡಿಯುತ್ತದೆ ನೋಡಿ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ತಲಾ 2,000 ದಂಡವಿದೆ. ಮಿತಿ ಮೀರಿದ ಪ್ರತಿ ಪ್ರಯಾಣಿಕರಿಗೆ ದಂಡ 200 ರೂಪಾಯಿ ಮಾತ್ರ. ಮೂಟೆಗೆ ಇರುವ ಬೆಲೆ ಮನುಷ್ಯನಿಗಿಲ್ಲ ಎಂದು ಯಾರಾದರೂ ಗೊಣಗಿದರೆ ತಪ್ಪು ಹೇಳಲಾರೆ.

ಕೊನೆಗೆ ವಿಮೆಯ ಮಾತು. ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ, ಗೂಡ್ಸ್ ಆಟೊದಲ್ಲಿ ಕೂತರೂ ಪರಿಹಾರ ಸಿಗುತ್ತದೆ ಎಂದು ಮದುವೆ ದಿಬ್ಬಣದವರೂ ಜಾತ್ರೆಗೆ ಹೊರಟವರೂ ನಂಬುತ್ತಾರೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ತೀರ್ಪು ಕೊಟ್ಟಿದೆ. 1994ರ ತಿದ್ದುಪಡಿಯಿಂದಾಗಿ ವಿಮೆಯ ವ್ಯಾಪ್ತಿಗೆ ಬರುವುದು ಸರಕಿನ ಮಾಲೀಕ ಅಥವಾ ಅವನು ಕಳಿಸಿದ ಪ್ರತಿನಿಧಿ ಮಾತ್ರ. ಟೊಮೆಟೊ ಕ್ರೇಟಿನ ಜೊತೆ ಮಂಡಿಗೆ ಹೋಗುವ ರೈತನಿಗೆ ಆ ರಕ್ಷಣೆ ಇದೆ, ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಅವನ ನೆರೆಯವನಿಗೆ ಇಲ್ಲ.