ಟೈಲ್ಸ್ ತಟ್ಟಿದಾಗ ‘ಟಣ್’ ಎಂದರೆ ಬಾಳಿಕೆ ಬರುತ್ತದೆಯೇ?

‘ಟೈಲ್ಸ್ ತಟ್ಟಿ ನೋಡಿ, ಟಣ್ ಎಂದರೆ ಜೀವಮಾನವಿಡೀ ಬಾಳುತ್ತೆ’. ಮನೆ ರಿಪೇರಿಗೆ ಕೈ ಹಾಕಿದವರ ಫೋನಿಗೆ ಇಂಥ ಸಲಹೆ ಬರುತ್ತಲೇ ಇರುತ್ತದೆ. ಇದು ಅರ್ಧ ಸತ್ಯ. ಚೆನ್ನಾಗಿ ಸುಟ್ಟ, ಬಿರುಕಿಲ್ಲದ ಟೈಲ್ ಹಾಗೆ ಸದ್ದು ಮಾಡುವುದು ನಿಜ. ಆದರೆ ಅದರ ಮೇಲ್ಮೈ ಎಷ್ಟು ಬೇಗ ಸವೆಯುತ್ತದೆ ಎಂಬುದು ಸದ್ದಿನಿಂದ ತಿಳಿಯುವುದಿಲ್ಲ.

ಮೊದಲು ಕೇಳಬೇಕಾದ್ದು ನೀರು ಹೀರುವ ಪ್ರಮಾಣ. ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ಶೇ 0.5ನ್ನು ದಾಟಬಾರದು. ಗೋಡೆಯ ಸೆರಾಮಿಕ್ ಟೈಲ್ಸ್ ಶೇ 10ಕ್ಕಿಂತ ಹೆಚ್ಚು ಹೀರುತ್ತವೆ. ಒಳಗೆ ಸಣ್ಣ ರಂಧ್ರಗಳು ಜಾಸ್ತಿ, ಶಕ್ತಿ ಕಡಿಮೆ. ಅಗ್ಗಕ್ಕೆ ಸಿಕ್ಕಿತೆಂದು ಅವನ್ನು ನೆಲಕ್ಕೆ ಹಾಕಿಸಬೇಡಿ. ಅಂಗಡಿಯಲ್ಲೇ ಸ್ಯಾಂಪಲ್ ತಿರುಗಿಸಿ, ಹಿಂಬದಿಗೆ ಒಂದು ಹನಿ ನೀರು ಬಿಡಿ. ಥಟ್ಟನೆ ಇಂಗಿದರೆ ಅದು ವಿಟ್ರಿಫೈಡ್ ಆಗಿರುವ ಸಾಧ್ಯತೆ ಕಡಿಮೆ.

ವಿಟ್ರಿಫೈಡ್‌ನಲ್ಲೂ ಭೇದವಿದೆ, ಕೇಳದಿದ್ದರೆ ಅಂಗಡಿಯವರು ಹೇಳುವುದು ಅಪರೂಪ. ಜಿವಿಟಿಯಲ್ಲಿ ಡಿಸೈನ್ ಮೇಲೆ ಪ್ರಿಂಟ್ ಆಗಿರುತ್ತದೆ, ಅದರ ಮೇಲೊಂದು ತೆಳು ಗ್ಲೇಜ್ ಅಷ್ಟೇ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರವೇ ಕೆಲವು ಮಿಲಿಮೀಟರ್ ದಪ್ಪ. ಫುಲ್ ಬಾಡಿಯಲ್ಲಿ ಬಣ್ಣ ತಳದವರೆಗೂ ಇರುತ್ತದೆ, ಪಾತ್ರೆ ಬಿದ್ದು ಚಕ್ಕೆ ಎದ್ದರೂ ಎದ್ದು ಕಾಣದು. ನೆಲದ ನಿಜವಾದ ಶತ್ರು ಚಪ್ಪಲಿಯ ಜೊತೆ ಬರುವ ಮರಳು. ಅದರಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ಮೋಸ್ ಅಳತೆಯಲ್ಲಿ 7. ಬಹಳಷ್ಟು ಗ್ಲೇಜ್‌ಗಳು ಅದಕ್ಕಿಂತ ಮೆದು. ಹಾಗಾಗಿ ಬಾಗಿಲ ಬಳಿ, ಅಡುಗೆಮನೆಗೆ ಡಬಲ್ ಚಾರ್ಜ್ ಅಥವಾ ಫುಲ್ ಬಾಡಿ ಒಳ್ಳೆಯದು. ಜಿವಿಟಿಯೇ ಬೇಕೆಂದರೆ ಪಿಇಐ ಅಂಕ 4 ಇದೆಯೇ ಕೇಳಿ. ಮಲಗುವ ಕೋಣೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಬಚ್ಚಲಿಗೆ ಮಾತ್ರ ಹೊಳಪಿನ ಟೈಲ್ಸ್ ಬೇಡವೇ ಬೇಡ. ಮನೆಯಲ್ಲಿ ವಯಸ್ಸಾದವರಿದ್ದರೆ ಒಮ್ಮೆ ಜಾರಿ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು. ಒರಟು ಮೇಲ್ಮೈಯ ಆ್ಯಂಟಿ ಸ್ಕಿಡ್ ಟೈಲ್ಸನ್ನೇ ಹಾಕಿಸಿ.

ಬೇಸಿಗೆಯಲ್ಲಿ ಟೈಲ್ಸ್ ಪಟಪಟನೆ ಮೇಲೆದ್ದರೆ ‘ಭೂಕಂಪದ ಸೂಚನೆ’ ಎಂದು ಹೆದರುವವರಿದ್ದಾರೆ. ಕಾರಣ ಸಾಮಾನ್ಯವಾಗಿ ಕೂರಿಸಿದ ರೀತಿಯಲ್ಲೇ ಇರುತ್ತದೆ. ಬಿಸಿಗೆ ಟೈಲ್ಸ್ ಹಿಗ್ಗುತ್ತವೆ, ಜಾಗವಿಲ್ಲದಿದ್ದರೆ ಒಂದನ್ನೊಂದು ತಳ್ಳಿ ಏಳುತ್ತವೆ. ‘ಗ್ಯಾಪ್ ಇಲ್ಲದಿದ್ರೆ ಚೆಂದ’ ಎಂದು ಮೇಸ್ತ್ರಿ ಹೇಳಿದರೂ ಸ್ಪೇಸರ್ ಇಟ್ಟು 2–3 ಮಿ.ಮೀ. ಸಂದು ಬಿಡಿಸಿ. ಗೋಡೆಯ ಅಂಚಿನಲ್ಲೂ ಜಾಗವಿರಲಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಇನ್ನೊಂದು ವಿಚಿತ್ರವೆಂದರೆ, ನೀರು ಹೀರದ ಗುಣದಿಂದಲೇ ವಿಟ್ರಿಫೈಡ್ ಟೈಲ್ ಬರೀ ಸಿಮೆಂಟಿಗೆ ಚೆನ್ನಾಗಿ ಅಂಟದು. ಅದಕ್ಕೆ ಟೈಲ್ ಅಡ್ಹೆಸಿವ್ ಬೇಕು, ಅದೂ ಹಿಂಬದಿ ಪೂರ್ತಿ; ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಾಲದು.

ತಟ್ಟುವ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ. ಕೂರಿಸಿ ಕೆಲವು ದಿನ ಒಣಗಿದ ಮೇಲೆ, ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು, ಒಂದೊಂದನ್ನೂ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದ ಟೈಲ್ಸ್‌ಗೆ ಗುರುತು ಹಾಕಿ, ತೆಗೆಸಿ ಮತ್ತೆ ಕೂರಿಸಲು ಹೇಳಿ.