ಅರ್ಧ ಹಾಡಿನ ಬೆಲೆ

'ಶಾಪ್ ವ್ಯಾಕ್' ಅಮೆರಿಕದ ಹಾಡುಗಾರ ಜೊನಾಥನ್ ಕೂಲ್ಟನ್ ಬರೆದ ಒಂದು ಹಾಡು. ಪಟ್ಟಣದಾಚೆಯ ಬಡಾವಣೆಯಲ್ಲಿ ನೆಲೆಸಿದ ದಂಪತಿಯ ಕಥೆ ಅದು. ಬದುಕಿಗೆ ಏನೂ ಕೊರತೆಯಿಲ್ಲ, ಮಾತಿಗೆ ಮಾತ್ರ ಬರ. ಗಂಡ ನೆಲಮಾಳಿಗೆಗೆ ಇಳಿದು ಧೂಳೆಳೆಯುವ ಯಂತ್ರದ ಸದ್ದಿನಲ್ಲಿ ತಲೆ ಮರೆಸಿಕೊಳ್ಳುತ್ತಾನೆ. ಧಾಟಿಯೇನೋ ಲವಲವಿಕೆಯದು. ಹಾಡಿನ ನಡುವೆ ಒಂದು ಕಡೆ ಗಿಟಾರ್ ಒಂದೇ ಮೇಲೆದ್ದು ನುಡಿಯಬೇಕಿತ್ತು. ಕೂಲ್ಟನ್‌ನ ಬೆರಳಿಗೆ ಅದು ದಕ್ಕಲಿಲ್ಲ. ಇಂಥ ಹೊತ್ತಿನಲ್ಲಿ ಹಿಂದೆ ಇದ್ದದ್ದು ಎರಡೇ ದಾರಿ: ದುಡ್ಡು ಕೊಟ್ಟು ನುರಿತ ವಾದಕನನ್ನು ಕರೆಸುವುದು, ಇಲ್ಲವೆ ಆ ಜಾಗವನ್ನೇ ಹಾಡಿನಿಂದ ಕತ್ತರಿಸಿಹಾಕುವುದು. ಆತ ಎರಡನ್ನೂ ಮಾಡಲಿಲ್ಲ. ತನ್ನ ಬೆರಳುಗಳು ಯಾವ ಕೆಲಸಕ್ಕೂ ಬಾರದವು ಎಂದು ಜಾಲತಾಣದಲ್ಲಿ ಎಲ್ಲರೆದುರೇ ಬೈದುಕೊಂಡು, ನೀವೇ ನುಡಿಸಿ ಕಳಿಸಿ ಎಂದು ಕೇಳುಗರಿಗೆ ಕರೆ ಕೊಟ್ಟ. ಬಂದ ತುಣುಕುಗಳನ್ನು ಅವರದೇ ಮತಕ್ಕೆ ಬಿಟ್ಟ. ಗೆದ್ದ ತುಣುಕನ್ನು ತನ್ನ ಹಾಡಿಗೆ ಹೊಲಿದುಕೊಂಡ.

ಅಂತರ್ಜಾಲ ಸ್ವತಂತ್ರ ಸಂಗೀತಗಾರನಿಗೆ ಏನು ಕೊಟ್ಟಿತು ಎಂದರೆ ನಾವು ಥಟ್ಟನೆ ಹೇಳುವ ಉತ್ತರ, ವೇದಿಕೆ. ಕಂಪನಿಯ ಬಾಗಿಲು ತಟ್ಟಬೇಕಿಲ್ಲ, ಆಕಾಶವಾಣಿಯ ಆಡಿಷನ್‌ಗೆ ಕಾಯಬೇಕಿಲ್ಲ, ಹಾಡಿ ಏರಿಸಿದರೆ ಜಗತ್ತೇ ಕೇಳುತ್ತದೆ ಎಂಬ ನಂಬಿಕೆ. ಇದರಲ್ಲಿ ನಿಜ ಅರ್ಧದಷ್ಟಿದೆ. ಹಾಡನ್ನು ಏರಿಸುವುದು ಸುಲಭವಾದದ್ದು ಒಬ್ಬನಿಗಲ್ಲ, ಎಲ್ಲರಿಗೂ. ಸಂತೆಯಲ್ಲಿ ಪ್ರತಿಯೊಬ್ಬನ ಕೈಗೂ ಮೈಕು ಕೊಟ್ಟರೆ ಯಾರ ದನಿ ಯಾರಿಗೆ ಕೇಳೀತು? ಕೂಲ್ಟನ್‌ನ ಪ್ರಸಂಗ ಹೇಳುವುದು ಬೇರೆಯದನ್ನು. ಅಂತರ್ಜಾಲದ ನಿಜವಾದ ಕೊಡುಗೆ ದೊಡ್ಡ ದನಿಯಲ್ಲ. ಹಾಡು ಮುಗಿಯುವ ಮೊದಲೇ ಕೇಳುಗನನ್ನು ಒಳಗೆ ಬಿಟ್ಟುಕೊಳ್ಳುವ ಅವಕಾಶ. ಸ್ಟುಡಿಯೊಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು, ಸಾವಿರಗಟ್ಟಲೆ ಕ್ಯಾಸೆಟ್ಟು ಅಚ್ಚು ಹಾಕಿಸುತ್ತಿದ್ದ ಕಾಲದಲ್ಲಿ ಅರೆಬೆಂದ ಹಾಡನ್ನು ಯಾರಿಗೂ ಬಡಿಸುವಂತಿರಲಿಲ್ಲ, ಒಮ್ಮೆ ಅಚ್ಚಾದರೆ ಮುಗಿಯಿತು. ಈಗ ತಿದ್ದುವ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಅರ್ಧ ಹಾಡಿಗೂ ಬೆಲೆ ಬಂದಿದೆ.

ಕೂಲ್ಟನ್ ನ್ಯೂಯಾರ್ಕಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದವನು. 2005ರ ಸೆಪ್ಟೆಂಬರಿನಲ್ಲಿ, ಮನೆಯಲ್ಲಿ ಕೂಸು ಇರುವಾಗಲೇ, ಕೆಲಸ ಬಿಟ್ಟ. ವಾರಕ್ಕೊಂದು ಹಾಡನ್ನು ಮನೆಯಲ್ಲೇ ಧ್ವನಿಮುದ್ರಿಸಿ ಜಾಲತಾಣದಲ್ಲಿ ಇಡುತ್ತೇನೆ ಎಂದು ತನಗೆ ತಾನೇ ಗಡುವು ಹಾಕಿಕೊಂಡ. 'ಥಿಂಗ್ ಎ ವೀಕ್' ಎಂದು ಹೆಸರಿಟ್ಟ ಈ ವ್ರತ 2006ರ ಸೆಪ್ಟೆಂಬರಿಗೆ ಮುಗಿದಾಗ 52 ವಾರಗಳು ಕಳೆದಿದ್ದವು. ಎಲ್ಲವೂ ಮುತ್ತುಗಳಲ್ಲ, ಕೆಲವು ವಾರ ಬೇರೆಯವರ ಹಾಡನ್ನೇ ತನ್ನ ಧಾಟಿಗೆ ಹೊಂದಿಸಿ ಹಾಡಿದ. ಬೇಸರದ ಕೋಡು ಬರೆಯುತ್ತ, ಕಚೇರಿಯ ಸ್ವಾಗತಕಾರಿಣಿಯನ್ನು ಮನಸಿನಲ್ಲೇ ಆರಾಧಿಸುವ ಪ್ರೋಗ್ರಾಮರ್‌ನ ಹಾಡು 'ಕೋಡ್ ಮಂಕಿ' 2006ರ ಏಪ್ರಿಲಿನಲ್ಲಿ ಬಂತು. ತಂತ್ರಜ್ಞರು ದಿನಾ ಓದುತ್ತಿದ್ದ ಸ್ಲ್ಯಾಶ್‌ಡಾಟ್ ಅದರತ್ತ ಬೆರಳು ತೋರಿಸಿದ್ದೇ ತಡ, ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಬೆಂಗಳೂರಿನ ಐಟಿ ಪಾರ್ಕುಗಳಲ್ಲಿ ದುಡಿಯುವವರಿಗೆ ಆ ಹಾಡಿನ ನಾಯಕ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಕೇಳುಗರು ಆ ಬಳಿಕ ಮಾಡಿದ್ದು ಗಮನಿಸುವಂಥದ್ದು. ಕ್ಲೀವ್‌ಲ್ಯಾಂಡಿನ ವೃತ್ತಿಪರ ಚಿತ್ರಕಾರರೊಬ್ಬರು ವಾರವಾರದ ಹಾಡಿಗೂ ಒಂದೊಂದು ಚಿತ್ರವನ್ನು ಬಿಟ್ಟಿಯಾಗಿ ಬರೆದುಕೊಟ್ಟರು. ಇನ್ನೊಬ್ಬರು ಹಾಡುಗಳನ್ನು ಕರೋಕೆಗೆ ಹೊಂದಿಸಿದರು. ಮತ್ತೊಬ್ಬರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟದ ಪಾತ್ರಗಳನ್ನೇ ನಟರನ್ನಾಗಿಸಿ ವಿಡಿಯೊ ಮಾಡಿದರು. ಅವರಿಗೆ ಈ ಧೈರ್ಯ ಬಂದದ್ದು ಒಂದು ಪರವಾನಗಿಯಿಂದ. ಕೂಲ್ಟನ್ ತನ್ನ ಹಾಡುಗಳನ್ನು 'ಕ್ರಿಯೇಟಿವ್ ಕಾಮನ್ಸ್' ಅಡಿಯಲ್ಲಿ ಹೊರತಂದಿದ್ದ: ಹಂಚಿಕೊಳ್ಳಿ, ಬಳಸಿ ಹೊಸದು ಮಾಡಿ, ಆದರೆ ನನ್ನ ಹೆಸರು ಹೇಳಿ, ವ್ಯಾಪಾರ ಮಾಡಬೇಡಿ. ಈ ಕರಾರಿನ ಮೊದಲ ಭಾಗ ಕನ್ನಡಿಗರಿಗೆ ಹೊಸದೇನಲ್ಲ. ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ಉಳಿದಿಲ್ಲ; ಉಳಿದದ್ದು ಸಾಹಿತ್ಯ ಮತ್ತು ಅಂಕಿತ. ಭಜನಾ ಮಂಡಳಿಯವರು ಒಂದು ಮಟ್ಟಿನಲ್ಲಿ, ಕರ್ನಾಟಕ ಸಂಗೀತದವರು ಇನ್ನೊಂದು ರಾಗದಲ್ಲಿ, ಭೀಮಸೇನ ಜೋಶಿಯವರು ಹಿಂದೂಸ್ತಾನಿಯಲ್ಲಿ ಹಾಡಿದರೂ ಕೊನೆಗೆ 'ಪುರಂದರ ವಿಠಲ' ಬಂದೇ ಬರುತ್ತದೆ. ಹೆಸರು ಉಳಿಸಿ, ಉಳಿದದ್ದನ್ನು ಬಿಟ್ಟುಕೊಡುವ ಒಪ್ಪಂದ ಅದು. ಕರಾರಿನ ಎರಡನೆಯ ಭಾಗ ಮಾತ್ರ ಈ ಕಾಲದ್ದು. ದಾಸರು ಮಧುಕರವೃತ್ತಿಯಲ್ಲಿ ಬದುಕಿದರು; ಮನೆ ನಡೆಸಬೇಕಾದ ಹಾಡುಗಾರ ವ್ಯಾಪಾರದ ಹಕ್ಕನ್ನು ತನ್ನ ಬಳಿಯೇ ಇಟ್ಟುಕೊಳ್ಳದೆ ಗತಿಯಿಲ್ಲ.

ಆ ಹಕ್ಕಿನಿಂದ ಬಂದದ್ದೆಷ್ಟು? 2007ರ ಮೇ ತಿಂಗಳಿನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಪುರವಣಿಗೆ ಕ್ಲೈವ್ ಥಾಂಪ್ಸನ್ ಬರೆದ ಲೇಖನದಲ್ಲಿ ಲೆಕ್ಕ ಸಿಗುತ್ತದೆ. ಕೂಲ್ಟನ್‌ನ ಆದಾಯದಲ್ಲಿ ಸುಮಾರು ಶೇ 41 ಡಿಜಿಟಲ್ ಮಾರಾಟದಿಂದ, ಅದರಲ್ಲೂ ಮುಕ್ಕಾಲು ಪಾಲು ತನ್ನದೇ ತಾಣದಿಂದ. ಶೇ 29 ಸಿ.ಡಿ.ಗಳಿಂದ, ಶೇ 18 ಕಾರ್ಯಕ್ರಮಗಳ ಟಿಕೆಟ್ಟಿನಿಂದ, ಶೇ 11 ಟೀ ಶರ್ಟುಗಳಿಂದ. ಪುಕ್ಕಟೆ ಹಂಚಿದರೆ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಈ ಅಂಕಿಗಳೇ ಉತ್ತರ. ಹಾಡನ್ನು ನಕಲು ಮಾಡಿಕೊಳ್ಳಲು ಅನುಮತಿ ಇದ್ದೂ ಜನ ಕೊಂಡರು. ಯಾಕೆಂದರೆ ಅವರು ತೆತ್ತದ್ದು ಕಡತಕ್ಕಲ್ಲ, ಮುಂದಿನ ವಾರದ ಹಾಡಿಗೆ. ಕಾರ್ಯಕ್ರಮ ಎಲ್ಲಿ ಮಾಡಬೇಕೆಂಬ ತೀರ್ಮಾನದಲ್ಲೂ ಕೇಳುಗರ ಕೈಯಿತ್ತು. ಈವೆಂಟ್‌ಫುಲ್ ಎಂಬ ತಾಣದಲ್ಲಿ ಆಯಾ ಊರಿನವರು 'ನಮ್ಮಲ್ಲಿಗೆ ಬಾ' ಎಂದು ಬೇಡಿಕೆ ಇಡಬಹುದಿತ್ತು. ಬೇಡಿಕೆ ಸಾಕಷ್ಟಾದ ಊರಿಗೆ ಗಿಟಾರ್ ಹೆಗಲಿಗೇರಿಸಿ ಹೊರಟರೆ ಖಾಲಿ ಕುರ್ಚಿಗಳ ಭಯವಿರಲಿಲ್ಲ. ಸಿಯಾಟಲ್‌ನ ಕಾರ್ಯಕ್ರಮವೊಂದರ ನಂತರ ಮಾತಾಡಿಸಿದವರು ವಾಲ್ವ್ ಎಂಬ ಆಟದ ಕಂಪನಿಯವರು. ಆ ಪರಿಚಯದಿಂದಲೇ 2007ರ 'ಪೋರ್ಟಲ್' ಆಟದ ಕೊನೆಯಲ್ಲಿ ಬರುವ 'ಸ್ಟಿಲ್ ಅಲೈವ್' ಹುಟ್ಟಿತು. ಆಟವಾಡುವವರ ಜಗತ್ತಿನಲ್ಲಿ ಅದನ್ನು ಕೇಳದವರು ಕಡಿಮೆ.

ಇದೆಲ್ಲ ಒಬ್ಬನಿಗೆ ಹೊಡೆದ ಲಾಟರಿ ಎಂದು ತಳ್ಳಿಹಾಕಬಹುದು. 2010ರಲ್ಲಿ ಆತನ ಗಳಿಕೆ ಸುಮಾರು 5 ಲಕ್ಷ ಡಾಲರ್ ಎಂದು ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಮರುವರ್ಷ ವರದಿ ಮಾಡಿದಾಗ, ಅಲ್ಲಿನ ಸಂಗೀತ ಬಲ್ಲವರೇ ಇದನ್ನು ಆಕಸ್ಮಿಕ ಎಂದರು. ಅವರ ಮಾತನ್ನು ಪೂರ್ತಿ ಅಲ್ಲಗಳೆಯಲಾಗದು. ಆತನ ಕೇಳುಗರು ಸಾಫ್ಟ್‌ವೇರ್‌ನವರು, 2005ರಲ್ಲೇ ಹಗಲಿರುಳು ಆನ್‌ಲೈನ್ ಇದ್ದವರು, ಕಾರ್ಡು ಉಜ್ಜಲು ಅಳುಕದವರು. ಹಾಡಿನ ವಸ್ತುವೂ ಅವರದೇ ಬದುಕು. ಹಳ್ಳಿಯ ಜಾನಪದ ಗಾಯಕನೊಬ್ಬನಿಗೆ ಈ ಮೂರೂ ಒಟ್ಟಿಗೆ ಕೂಡಿಬರುವುದಿಲ್ಲ. ಆದ್ದರಿಂದ ಕೂಲ್ಟನ್‌ನ ಹಣದ ಮೊತ್ತದಿಂದ ಯಾವ ಪಾಠವನ್ನೂ ತೆಗೆಯಬಾರದು. ಪಾಠ ಇರುವುದು ವಿಧಾನದಲ್ಲಿ. ಅದೃಷ್ಟವೇ ಆಗಿದ್ದರೂ 52 ಸಲ ಬಾಗಿಲು ತೆರೆದು ಕೂತವನ ಮನೆಗೆ ಅದು ಬಂತು. ಯಾವ ಹಾಡು ಕೈಹಿಡಿಯುತ್ತದೆಂದು ಆತನಿಗೂ ಮೊದಲೇ ಗೊತ್ತಿರಲಿಲ್ಲ; ವಾರವಾರ ತೋರಿಸಿದ್ದರಿಂದ ಗೊತ್ತಾಯಿತು. ಒಂದೇ ಆಲ್ಬಮ್ಮಿಗೆ ಇದ್ದಬದ್ದ ಉಳಿತಾಯ ಸುರಿದು ಕಾಯುವವನಿಗೆ ಈ ಅರಿವು ಸಿಗುವಾಗ ಕೈ ಖಾಲಿಯಾಗಿರುತ್ತದೆ.

ಕೇಳುಗರನ್ನು ಒಳಗೆ ಬಿಟ್ಟುಕೊಂಡರೆ ಸಂಗೀತ ಕೆಡುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಆಕ್ಷೇಪ. ಹಾಡುಗಾರನ ಹೊತ್ತು ಪತ್ರ ಬರೆಯುವುದರಲ್ಲೇ ಕಳೆಯುತ್ತದೆ, ಬಹುಮತಕ್ಕೆ ತಲೆಬಾಗಿದ ಹಾಡು ಸಪ್ಪೆಯಾಗುತ್ತದೆ ಎಂಬ ವಾದ. ಹೊತ್ತಿನ ಮಾತು ನಿಜ. ಇ-ಮೇಲುಗಳು ಹೆಚ್ಚುತ್ತ ಹೋದ ಹಾಗೆ ಕೂಲ್ಟನ್‌ನ ಉತ್ತರಗಳು ಚುಟುಕಾಗುತ್ತ ಬಂದವು. ಸ್ವತಂತ್ರನಾದವನು ತನ್ನ ಕಚೇರಿಯ ಗುಮಾಸ್ತನೂ ತಾನೇ ಆಗಬೇಕು. ಬಹುಮತದ ಮಾತಿಗೆ ಮಾತ್ರ 'ಶಾಪ್ ವ್ಯಾಕ್' ಅನ್ನೇ ಮತ್ತೊಮ್ಮೆ ನೋಡಬೇಕು. ಹಾಡಿನ ವಸ್ತು ಯಾವುದಿರಲಿ ಎಂದು ಆತ ಮತ ಕೇಳಲಿಲ್ಲ, ಗಂಡ ನೆಲಮಾಳಿಗೆಗೆ ಇಳಿಯಬೇಕೋ ಬೇಡವೋ ಎಂದೂ ಕೇಳಲಿಲ್ಲ. ತನ್ನ ಕೈಗೆ ಎಟುಕದ ಕೆಲವೇ ಕ್ಷಣಗಳ ಜಾಗವೊಂದನ್ನು ಅಳೆದು ತೋರಿಸಿ, ಇಷ್ಟನ್ನು ತುಂಬಿಕೊಡಿ ಎಂದ. ತೆರೆದದ್ದು ಒಂದು ಕಿಟಕಿ, ಇಡೀ ಗೋಡೆಯಲ್ಲ. ಅಷ್ಟೇ ಅಲ್ಲ, 2011ರ 'ಆರ್ಟಿಫಿಷಿಯಲ್ ಹಾರ್ಟ್' ಆಲ್ಬಮ್ಮಿಗೆ ಆತ ಜಾನ್ ಫ್ಲಾನ್ಸ್‌ಬರ್ಗ್ ಎಂಬ ಅನುಭವಿ ಸಂಗೀತಗಾರನನ್ನು ನಿರ್ಮಾಪಕನನ್ನಾಗಿ ಇಟ್ಟುಕೊಂಡು, ವಾದ್ಯತಂಡದ ಜೊತೆ ಸ್ಟುಡಿಯೊದಲ್ಲಿ ಕೂತ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಕೊನೆಯವರೆಗೂ ಆತನದೇ ನಿರ್ಧಾರವಾಗಿತ್ತು.

ಬಾಗಿಲು ತೆರೆದರೆ ನೆಂಟನ ಜೊತೆ ಕಳ್ಳನೂ ಬರುತ್ತಾನೆ ಎಂಬ ಅಳುಕೂ ಸಹಜ. ಸರ್ ಮಿಕ್ಸ್-ಎ-ಲಾಟ್‌ನ ಅಬ್ಬರದ ರ್‍ಯಾಪ್ 'ಬೇಬಿ ಗಾಟ್ ಬ್ಯಾಕ್' ಅನ್ನು ಕೂಲ್ಟನ್ 2005ರಲ್ಲಿ ಹೊಸ ಧಾಟಿ ಕಟ್ಟಿ, ಮೆಲುದನಿಯಲ್ಲಿ ಹಾಡಿದ್ದ. ಒಂದು ಕಡೆ ಮೂಲ ಗಾಯಕನ ಹೆಸರಿದ್ದ ಜಾಗದಲ್ಲಿ ತನ್ನ ಅಡ್ಡಹೆಸರನ್ನು ಸೇರಿಸಿದ್ದ. 2013ರ ಜನವರಿಯಲ್ಲಿ ಫಾಕ್ಸ್ ವಾಹಿನಿಯ 'ಗ್ಲೀ' ಧಾರಾವಾಹಿಯಲ್ಲಿ ಅದೇ ಹಾಡು ಬಂತು. ಅದೇ ಧಾಟಿ, ಸಾಲದ್ದಕ್ಕೆ ಆ ಅಡ್ಡಹೆಸರೂ ಹಾಗೇ ಉಳಿದಿತ್ತು. ಅರಿಯದೆ ಅಂಕಿತವನ್ನೂ ಹೊತ್ತೊಯ್ದಿದ್ದರು. ಅನುಮತಿ ಕೇಳಿರಲಿಲ್ಲ, ಹೆಸರು ಹಾಕಿರಲಿಲ್ಲ. ಅಮೆರಿಕದ ಕಾನೂನಿನಲ್ಲಿ ಇಂಥ ಮರುಹಾಡಿನ ರಾಯಧನ ಮೂಲ ರಚನಕಾರನಿಗೆ ಹೋಗುತ್ತದೆ, ಹೊಸ ಧಾಟಿ ಕಟ್ಟಿದವನ ಕೈಗೆ ಹಿಡಿತ ಸಿಗುವುದು ಅಪರೂಪ. ಕೋರ್ಟಿನ ಮೆಟ್ಟಿಲು ಹತ್ತುವ ಬದಲು ಕೂಲ್ಟನ್ ತನ್ನ ಹಳೆಯ ಧ್ವನಿಮುದ್ರಣವನ್ನೇ 'ಗ್ಲೀ ಶೈಲಿಯಲ್ಲಿ' ಎಂದು ಹೆಸರಿಟ್ಟು ಮಾರಾಟಕ್ಕಿಟ್ಟ, ಬಂದ ಹಣವನ್ನು ದತ್ತಿ ಸಂಸ್ಥೆಗಳಿಗೆ ಕೊಡುವುದಾಗಿ ಸಾರಿದ. ಕಾನೂನಿನಲ್ಲಿ ಆತ ಗೆಲ್ಲಲಿಲ್ಲ. ಆದರೆ ಆ ಧಾಟಿ ಯಾರದೆಂದು ಮೊದಲೇ ಬಲ್ಲ ಸಾವಿರಾರು ಜನರಿದ್ದುದರಿಂದ ವಿಷಯ ಮುಚ್ಚಿಹೋಗಲಿಲ್ಲ. ಅದೇ ಧಾಟಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟವನಿಗೆ ಸಾಕ್ಷಿ ಹೇಳುವವರು ಯಾರು?

ಅಲ್ಲಿಂದೀಚೆಗೆ ಸಲಕರಣೆಗಳು ಬೆಳೆದಿವೆ, ಆದರೆ ಎಲ್ಲವೂ ಒಂದೇ ದಿಕ್ಕಿನಲ್ಲಿ ಅಲ್ಲ. ಸೌಂಡ್‌ಕ್ಲೌಡ್‌ನಲ್ಲಿ ಹಾಡು ಒಂದು ಅಲೆಯ ಚಿತ್ರವಾಗಿ ಕಾಣುತ್ತದೆ; ಎರಡನೆಯ ನಿಮಿಷದ ಹತ್ತನೆಯ ಸೆಕೆಂಡಿನಲ್ಲಿ ತಾಳ ಜಾರಿದೆ ಎನಿಸಿದರೆ ಕೇಳುಗ ಸರಿಯಾಗಿ ಅಲ್ಲೇ ಟಿಪ್ಪಣಿ ಚುಚ್ಚಬಹುದು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15 ಹಿಡಿದುಕೊಳ್ಳುತ್ತದೆ, ಕೊಂಡವರು ಒಪ್ಪಿದರೆ ಅವರ ಇ-ಮೇಲ್ ವಿಳಾಸವನ್ನು ಹಾಡುಗಾರನಿಗೆ ಕೊಡುತ್ತದೆ. ತಿಂಗಳ ವಂತಿಗೆಯ ಪೇಟ್ರಿಯಾನ್ ಅನ್ನು 2013ರಲ್ಲಿ ಕಟ್ಟಿದ ಇಬ್ಬರಲ್ಲಿ ಜ್ಯಾಕ್ ಕಾಂಟೆ ಸ್ವತಃ ಯೂಟ್ಯೂಬಿನಲ್ಲಿ ಹೆಸರಾದ ಸಂಗೀತಗಾರ. ಇವೆಲ್ಲ ಕೇಳುಗನ ಮುಖ ತೋರಿಸುವ ಸಲಕರಣೆಗಳು. ಇನ್ನೊಂದು ಕಡೆ ಸ್ಪಾಟಿಫೈನಂಥ ದೊಡ್ಡ ಹರಿವಿನ ತಾಣಗಳಿವೆ. ಯಾವ ಊರಿನಲ್ಲಿ ಎಷ್ಟು ಜನ ಕೇಳಿದರು ಎಂಬ ಸಂಖ್ಯೆ ಅಲ್ಲಿ ಸಿಗುತ್ತದೆ. ಆ ಜನಕ್ಕೆ ಪತ್ರ ಬರೆಯಲು ವಿಳಾಸ ಸಿಗುವುದಿಲ್ಲ. ಸಾಲದೆಂಬಂತೆ, ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈ ಧ್ವನಿಮುದ್ರಣದ ರಾಯಧನ ಕೊಡುವುದಿಲ್ಲ. ಅಂಥಲ್ಲಿ ಹಾಡು ಇರಬೇಕು, ನಿಜ. ಜನ ಹುಡುಕುವುದು ಅಲ್ಲೇ. ಆದರೆ ಅದೊಂದನ್ನೇ ನಂಬಿದವನು ಸಂತೆಯ ಆ ಮೈಕಿಗೆ ಮರಳಿದಂತೆ.

ಕನ್ನಡದಲ್ಲಿ ಇದು ನಡೆಯುತ್ತದೆಯೇ ಎಂಬ ಸಂಶಯಕ್ಕೆ ಹತ್ತಿರದ ಉತ್ತರ ಸಿನಿಮಾದಿಂದ ಬಂದಿದೆ. ಪವನ್ ಕುಮಾರ್ ನಿರ್ದೇಶಿಸಿದ 'ಲೂಸಿಯಾ' 2013ರಲ್ಲಿ ತೆರೆಕಂಡದ್ದು ಅಂತರ್ಜಾಲದ ಕರೆಗೆ ಓಗೊಟ್ಟ ನೂರಕ್ಕೂ ಹೆಚ್ಚು ಪ್ರೇಕ್ಷಕರ ಹಣದಿಂದ. ನಾಲ್ಕು ಕೋಟಿಗೂ ಹೆಚ್ಚು ಜನ ಮಾತಾಡುವ ಭಾಷೆಯಲ್ಲಿ ನೂರು ಜನ ಏನೂ ಅಲ್ಲ. ಒಂದು ಕೆಲಸ ಮುಗಿಸಲು ಮಾತ್ರ ಅಷ್ಟೇ ಸಾಕಾಯಿತು. ಹಾಡಿಗೆ ಸಿನಿಮಾದಷ್ಟು ಹಣ ಬೇಡ, ಅಷ್ಟು ಜನವೂ ಬೇಡವಾಗಬಹುದು. ಬೇಕಾದದ್ದು ಅರ್ಧ ಹಾಡನ್ನು ತೋರಿಸುವ ಧೈರ್ಯ, ಮತ್ತು ಯಾವ ಅರ್ಧವನ್ನು ತೋರಿಸಬೇಕೆಂಬ ವಿವೇಕ. ಅಂದಹಾಗೆ 'ಶಾಪ್ ವ್ಯಾಕ್' ಕೇಳುವಾಗ ಗಿಟಾರ್ ಮೇಲೇಳುವ ಆ ಜಾಗ ಬಂದರೆ ಗಮನವಿಡಿ. ಅಲ್ಲಿ ನುಡಿಯುವ ಬೆರಳು ಹಾಡು ಬರೆದವನದಲ್ಲ. ಆದರೂ ಆ ಹಾಡು ಆತನದೇ.