ಬೇಸಿಗೆಯ ಕಾಯಿಪಲ್ಯಕ್ಕೆ ಖಾನಾಪುರದ ಗಡಿಗೆ

ಶಿವರಾತ್ರಿ ದಾಟಿತೆಂದರೆ ಬೆಳಗಾವಿ, ಖಾನಾಪುರ ಕಡೆಯ ಹಿತ್ತಲುಗಳು ಒಣಗತೊಡಗುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗೇನೂ ಬಡತನವಿಲ್ಲ. ಆದರೆ ಅಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಏಪ್ರಿಲ್ ಹೊತ್ತಿಗೆ ಬಾವಿಯ ಹಗ್ಗ ಉದ್ದವಾಗುತ್ತದೆ. ಆಗ ಕುಡಿಯಲಿಕ್ಕೂ ಬದನೆ ಗಿಡಕ್ಕೂ ಒಂದೇ ಕೊಡ, ಅದನ್ನು ಹೊರುವವರು ಮನೆಯ ಹೆಣ್ಣುಮಕ್ಕಳು. ಹೀಗಾಗಿ ಪೇಟೆಯಲ್ಲಿ ಕಾಯಿಪಲ್ಯ ತುಟ್ಟಿಯಾಗುವ ಕಾಲಕ್ಕೇ ಹಿತ್ತಲು ಬರಿದಾಗುತ್ತದೆ.

ಇದಕ್ಕೆ ಉಪಾಯ ನಿಮ್ಮ ಊರಿನಲ್ಲೇ ಉಂಟು. ಖಾನಾಪುರದ ಮಣ್ಣು ಗಡಿಗೆಗೂ ಹಂಚಿಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಸುಟ್ಟ ಗಡಿಗೆಯನ್ನು ನೆಲದಲ್ಲಿ ಹೂಳಿ ನೀರು ತುಂಬಿದರೆ ಮಣ್ಣು ಒಣಗಿದಷ್ಟೂ ನೀರು ಹೊರಗೆ ಜಿನುಗುತ್ತದೆ. ಮಣ್ಣು ಹಸಿಯಾದರೆ ಜಿನುಗುವುದು ತಗ್ಗುತ್ತದೆ. ಚೀನಾ ದೇಶದಲ್ಲಿ ಕ್ರಿಸ್ತಪೂರ್ವ 1ನೆಯ ಶತಮಾನದ ಬೇಸಾಯ ಗ್ರಂಥವೊಂದರಲ್ಲಿ ಈ ಪದ್ಧತಿಯ ವರ್ಣನೆಯಿದೆ.

ಗಡಿಗೆ 6-7 ಲೀಟರ್ ಹಿಡಿಯುವಂತಿರಲಿ. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬೇಡ. ಕುಂಬಾರರಲ್ಲಿ ತುಸು ಸೊಟ್ಟಾಗಿ ಬದಿಗಿಟ್ಟ ಗಡಿಗೆಗಳು ಅಗ್ಗಕ್ಕೆ ಸಿಗುತ್ತವೆ, ಸೀಳು ಮಾತ್ರ ಇರಬಾರದು. ಮನೆಗೆ ತಂದು ಒಂದು ರಾತ್ರಿ ನೀರು ತುಂಬಿಡಿ. ಬೆಳಿಗ್ಗೆ ಹೊರಮೈ ತಂಪಾಗಿ ಒದ್ದೆಯಾಗಿದ್ದರೆ ಅದು ಯೋಗ್ಯ.

ಗಡಿಗೆಗಿಂತ ಒಂದು ಗೇಣು ಅಗಲದ ಗುಂಡಿ ತೋಡಿ, ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಕುತ್ತಿಗೆಯವರೆಗೆ ಹೂಳಿರಿ. ಬೆಳಗಾವಿ ಸುತ್ತಿನ ಎರೆಮಣ್ಣಾದರೆ ಸ್ವಲ್ಪ ಮರಳನ್ನೂ ಕೂಡಿಸಿರಿ. ಬಾಯಿಗೆ ಮುಚ್ಚಳ ಬೇಕೇ ಬೇಕು. ಇಲ್ಲವಾದರೆ ನೀರು ಆರುವುದಲ್ಲದೆ ಸೊಳ್ಳೆ ಮೊಟ್ಟೆಯಿಡುತ್ತದೆ. ಗಡಿಗೆಯಿಂದ ಗಡಿಗೆಗೆ 3 ಅಡಿ ಅಂತರವಿರಲಿ. ಸುತ್ತಲೂ ಒಂದು ಗೇಣಿನೊಳಗೆ 3-4 ಬೀಜ ಊರಿ, ಮೊಳಕೆ ಬೇರು ಬಿಡುವವರೆಗೆ ಮೇಲಿನಿಂದಲೂ ನೀರು ಚಿಮುಕಿಸಿರಿ. ಎಂಟು ಗಡಿಗೆಗಳಿಗೆ ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಮೂರು-ನಾಲ್ಕು ಕೊಡ ನೀರು ಸಾಕು.

ಹೀರೆ, ಹಾಗಲ, ಸೌತೆ, ಬೆಂಡೆ, ಬದನೆ ಇದಕ್ಕೆ ಒಗ್ಗುತ್ತವೆ. ಬೆಂಡೆಯಲ್ಲಿ ಹಳದಿ ನಂಜುರೋಗ ತಡೆಯುವ ಅರ್ಕಾ ಅನಾಮಿಕಾ ತಳಿ ಒಳ್ಳೆಯದು. ಚವಳಿ ಬಿಸಿಲಿಗೆ ಹೆದರುವುದಿಲ್ಲ. ಆದರೆ ಟೊಮೇಟೊಗೆ ಆಸೆಪಡಬೇಡಿರಿ. ಹಗಲಿನ ಕಾವು 35 ಡಿಗ್ರಿ ದಾಟಿದರೆ ಹೂವು ಉದುರಿ ಕಾಯಿ ಕಚ್ಚುವುದಿಲ್ಲ, ನೀರೆಷ್ಟು ಕೊಟ್ಟರೂ ಅಷ್ಟೇ. ಒತ್ತಾಗಿ ಬಿತ್ತುವ ಮೆಂತ್ಯ, ರಾಜಗಿರಿಗಳಿಗೂ ಗಡಿಗೆ ಒಪ್ಪದು. ಅವಕ್ಕೆ ಮಧ್ಯಾಹ್ನದ ನೆರಳು ಬೀಳುವ ಸಣ್ಣ ಮಡಿ ಮಾಡಿರಿ.

ಬೀಜ ಊರಲು ಫೆಬ್ರುವರಿ ಮೊದಲ ವಾರ ತಪ್ಪಬಾರದು, ಬಿಸಿಲು ಏರುವುದರೊಳಗೆ ಬೇರು ಗಡಿಗೆಯನ್ನು ತಬ್ಬಿರಬೇಕು. ಗಿಡದ ಬುಡಕ್ಕೆ ಖಾನಾಪುರದವರು ಭತ್ತದ ಹುಲ್ಲು, ಉಳಿದವರು ಕಬ್ಬಿನ ರವದಿ ಹೊದಿಸಬಹುದು. ಗೆದ್ದಲು ಕಂಡರೆ ತೆಗೆದುಬಿಡಿರಿ.

ಬಚ್ಚಲ ನೀರನ್ನು ಗಡಿಗೆಗೆ ಸುರಿಯಲೇಬಾರದು. ಸಾಬೂನಿನ ಜಿಡ್ಡು ಸೂಕ್ಷ್ಮ ರಂಧ್ರಗಳನ್ನು ಕಟ್ಟುತ್ತದೆ. ಆ ನೀರು ಬಾಳೆಗೆ, ತೆಂಗಿಗೆ ಹೋಗಲಿ. ಶಹರದಲ್ಲಿ ಮಾಳಿಗೆಯ ಮೇಲೆ ಬೆಳೆಯುವವರು ದೊಡ್ಡ ಕುಂಡದ ನಡುವೆ ಒಂದು ಚಿಕ್ಕ ಗಡಿಗೆ ಹೂಳಿ, ಕುಂಡವನ್ನು ಇಟ್ಟಿಗೆಯ ಮೇಲಿಡಬೇಕು. ಕಾದ ಸಿಮೆಂಟು ಬೇರನ್ನು ಸುಡುತ್ತದೆ.

ಮೇ ಕೊನೆಗೆ, ಮುಂಗಾರು ಬೀಳುವ ಮೊದಲು, ಬೆಳೆ ಮುಗಿದ ಗಡಿಗೆಗಳನ್ನು ಕಿತ್ತು, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ ಅಟ್ಟದ ಮೇಲೆ ಬೋರಲಾಗಿಡಿರಿ.